ಇಂಟರ್‌ನೆಟ್ ಕರೆಯಲ್ಲಿ ಮಾತು ಒಡೆಯುವುದೇಕೆ?

"ಹಲೋ... ಹಲೋ... ಕೇಳುಸ್ತೈತಾ?"

ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯ ಯಾವ ಹಳ್ಳಿಗೆ ಸಂಜೆ ಹೊತ್ತು ಹೋದರೂ ಈ ಮಾತು ಒಂದಲ್ಲ ಒಂದು ಜಗುಲಿಯಿಂದ ಕೇಳಿಬರುತ್ತದೆ. ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮಗ ವಾಟ್ಸ್‌ಆ್ಯಪ್‌ನಲ್ಲಿ ಕರೆ ಮಾಡಿರುತ್ತಾನೆ. ಒಂದು ನಿಮಿಷ ಮಾತು ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟ. ಮರುನಿಮಿಷ ತುಂಡು ತುಂಡು. ಆಮೇಲೆ ಬಾವಿಯೊಳಗಿನಿಂದ ಬಂದ ಹಾಗೆ. ಅಮ್ಮ ಫೋನ್ ಹಿಡಿದುಕೊಂಡು ಅಂಗಳಕ್ಕೆ ಬರುತ್ತಾರೆ, ಗಟ್ಟಿಯಾಗಿ ಕೂಗುತ್ತಾರೆ, ಕೊನೆಗೆ "ಈ ನೆಟ್‌ವರ್ಕ್‌ದು ಇದೇ ಗೋಳು" ಎಂದು ಇಟ್ಟುಬಿಡುತ್ತಾರೆ.

ಊಟ ಆಯಿತಾ, ಮಳೆ ಬಂತಾ ಎನ್ನುವ ಮಾತಾದರೆ ಅರ್ಧ ಕೇಳಿಸದಿದ್ದರೂ ನಡೆಯುತ್ತದೆ. ಆದರೆ ಈಗ ಫೋನಿನಲ್ಲಿ ನಡೆಯುವುದು ಬರೀ ಯೋಗಕ್ಷೇಮವಲ್ಲ. ವೈದ್ಯರ ಸಲಹೆ, ಬ್ಯಾಂಕಿನ ವ್ಯವಹಾರ, ಅಡಿಕೆ ಧಾರಣೆ ಎಲ್ಲವೂ ಅದರಲ್ಲೇ. ಸಕ್ಕರೆ ಕಾಯಿಲೆ ಇರುವವರಿಗೆ ಇನ್ಸುಲಿನ್ ಎಷ್ಟು ಯೂನಿಟ್ ಎಂದು ಫೋನಿನಲ್ಲಿ ಹೇಳುತ್ತಿದ್ದಾರೆ ಎಂದುಕೊಳ್ಳಿ. "ಇಪ್ಪತ್ತು" ಮತ್ತು "ಎಪ್ಪತ್ತು" ಈ ಎರಡು ಪದಗಳ ನಡುವೆ ಇರುವ ವ್ಯತ್ಯಾಸ ಮೊದಲಿನ ಒಂದು ಸ್ವರ ಮಾತ್ರ. ಅದೊಂದು ಕಳೆದುಹೋದರೆ ಉಳಿಯುವುದು "ಪ್ಪತ್ತು". ಆದ್ದರಿಂದ ಮಾತು ಎಲ್ಲಿ, ಏಕೆ ಕಳೆದುಹೋಗುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ಮಾತು ಪೊಟ್ಟಣವಾಗುವ ಬಗೆ

ಹಳೆಯ ಲ್ಯಾಂಡ್‌ಲೈನ್ ಕರೆಯಲ್ಲಿ ಇಬ್ಬರ ನಡುವೆ ಒಂದು ದಾರಿಯನ್ನು ಕರೆ ಮುಗಿಯುವವರೆಗೂ ಕಾಯ್ದಿರಿಸಲಾಗುತ್ತಿತ್ತು. ಇಂಟರ್‌ನೆಟ್ ಕರೆಯಲ್ಲಿ ಹಾಗಿಲ್ಲ. ನಮ್ಮ ಧ್ವನಿಯನ್ನು ಮೊಬೈಲು ಮೊದಲು ಅಂಕಿಗಳಾಗಿ ಬದಲಿಸುತ್ತದೆ. ಆ ಅಂಕಿಗಳನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನಷ್ಟು ಮಾತಿಗೆ ಒಂದರಂತೆ ಚಿಕ್ಕ ಚಿಕ್ಕ ಪೊಟ್ಟಣಗಳನ್ನಾಗಿ ಕಟ್ಟುತ್ತದೆ. ಇವಕ್ಕೆ ಪ್ಯಾಕೆಟ್ ಎಂದು ಹೆಸರು. ಒಂದು ಸೆಕೆಂಡಿನ ಮಾತಿಗೆ 50 ಪ್ಯಾಕೆಟ್. ಪ್ರತಿಯೊಂದರ ಮೇಲೂ ವಿಳಾಸ, ಸರಣಿ ಸಂಖ್ಯೆ ಮತ್ತು ಹೊರಟ ಸಮಯದ ಗುರುತು ಇರುತ್ತದೆ. ಅವು ಒಂದೊಂದಾಗಿ ಹೊರಟು, ಬೇರೆಯವರ ವಿಡಿಯೋ, ಫೋಟೋ, ಮೆಸೇಜುಗಳ ಜತೆಯಲ್ಲೇ ನೂಕುನುಗ್ಗಲಿನಲ್ಲಿ ಸಾಗಿ ಆಚೆ ಬದಿ ತಲುಪಬೇಕು.

ಫೋಟೋ ಕಳಿಸುವಾಗ ಒಂದು ಪ್ಯಾಕೆಟ್ ಕಳೆದುಹೋದರೆ ಅದನ್ನು ಮತ್ತೆ ಕಳಿಸುವಂತೆ ಕೇಳಬಹುದು. ಎರಡು ಸೆಕೆಂಡು ತಡವಾದರೂ ಫೋಟೋ ಪೂರ್ತಿಯಾಗಿ ಬರುತ್ತದೆ. ಮಾತಿಗೆ ಈ ಸೌಲಭ್ಯವಿಲ್ಲ. ಕಳೆದುಹೋದ ಅಕ್ಷರವನ್ನು ಮತ್ತೆ ತರಿಸುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಹಾಗಾಗಿ ಇಂಟರ್‌ನೆಟ್ ಕರೆಗಳು ಸಾಮಾನ್ಯವಾಗಿ, ಹೋದದ್ದು ಹೋಯಿತು ಎಂದು ಬಿಟ್ಟು ಮುಂದಿನದನ್ನು ಕಳಿಸುವ ವಿಧಾನವನ್ನೇ ಬಳಸುತ್ತವೆ. ಇಂಟರ್‌ನೆಟ್ ಕರೆಯ ಎಲ್ಲ ಕಷ್ಟಗಳ ಮೂಲ ಇಲ್ಲಿದೆ.

ಧ್ವನಿಯನ್ನು ಕೆಡಿಸುವ ಮೂರು ಕಾರಣ

ಮದುವೆಮನೆಯ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ದಿಬ್ಬಣ ಹತ್ತು ಆಟೋಗಳಲ್ಲಿ ಹೊರಟಿದೆ. ಎಲ್ಲರೂ ಹೊರಟ ಕ್ರಮದಲ್ಲೇ ಎಲೆಯ ಮುಂದೆ ಕೂರಬೇಕು. ಇಲ್ಲಿ ಮೂರು ಬಗೆಯ ತೊಂದರೆ ಆಗಬಹುದು.

ಮೊದಲನೆಯದು ವಿಳಂಬ. ಎಲ್ಲ ಆಟೋಗಳೂ ಒಂದೇ ಸಮನೆ ತಡವಾಗಿ ಬರುತ್ತವೆ. ಕರೆಯಲ್ಲಿ ಹೀಗಾದರೆ ಮಾತು ಸ್ಪಷ್ಟವಾಗಿಯೇ ಇರುತ್ತದೆ, ಆದರೆ ಸಂಭಾಷಣೆ ಕೆಡುತ್ತದೆ. ನಾವು ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲವೆಂದು ಮತ್ತೆ ಮಾತು ಶುರುಮಾಡುತ್ತೇವೆ, ಅಷ್ಟರಲ್ಲಿ ಆ ಕಡೆಯ ಉತ್ತರ ಬಂದು ಎರಡೂ ಡಿಕ್ಕಿ ಹೊಡೆಯುತ್ತವೆ. ಆಮೇಲೆ "ನೀನು ಹೇಳು", "ಇಲ್ಲ, ನೀವೇ ಹೇಳಿ" ಎನ್ನುವುದರಲ್ಲೇ ಸಮಯ ಹೋಗುತ್ತದೆ. ಬಾಯಿಂದ ಕಿವಿಗೆ ತಲುಪಲು 150 ಮಿಲಿಸೆಕೆಂಡಿಗಿಂತ ಕಡಿಮೆ ಹಿಡಿದರೆ ಬಹುತೇಕ ಜನರಿಗೆ ತೊಂದರೆ ಅನ್ನಿಸುವುದಿಲ್ಲ, 400 ಮಿಲಿಸೆಕೆಂಡ್ ದಾಟುವಂತೆ ಜಾಲವನ್ನು ಯೋಜಿಸಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ.

ಎರಡನೆಯದು ಏರಿಳಿತ. ತಂತ್ರಜ್ಞರು ಇದನ್ನು ಜಿಟರ್ ಎನ್ನುತ್ತಾರೆ. ಒಂದು ಆಟೋ ಐದು ನಿಮಿಷಕ್ಕೆ ಬಂದರೆ ಮತ್ತೊಂದು ಇಪ್ಪತ್ತು ನಿಮಿಷಕ್ಕೆ ಬರುತ್ತದೆ. ಬಂದವರಿಗೆ ಬಂದ ಹಾಗೆ ಬಡಿಸಿದರೆ ಕ್ರಮ ತಪ್ಪುತ್ತದೆ. ಆದ್ದರಿಂದ ಬಡಿಸುವವರು ಸ್ವಲ್ಪ ಹೊತ್ತು ಕಾಯುತ್ತಾರೆ. ನಮ್ಮ ಫೋನೂ ಹೀಗೆಯೇ ಮಾಡುತ್ತದೆ. ಬಂದ ಪ್ಯಾಕೆಟ್‌ಗಳನ್ನು ಕೆಲವು ಮಿಲಿಸೆಕೆಂಡು ತಡೆದಿಟ್ಟು, ಸರಣಿ ಸಂಖ್ಯೆ ನೋಡಿ ಜೋಡಿಸಿ, ಆಮೇಲೆ ನುಡಿಸುತ್ತದೆ. ಹೆಚ್ಚು ಕಾದರೆ ವಿಳಂಬ ಹೆಚ್ಚುತ್ತದೆ. ಕಡಿಮೆ ಕಾದರೆ ತಡವಾಗಿ ಬಂದ ಪ್ಯಾಕೆಟ್‌ಗಳಿಗೆ ಪಂಕ್ತಿಯಲ್ಲಿ ಜಾಗ ಇರುವುದಿಲ್ಲ, ಅವನ್ನು ಎಸೆಯಬೇಕಾಗುತ್ತದೆ. ಇದರ ನಡುವಿನ ಹದವನ್ನು ಆ್ಯಪ್ ಕ್ಷಣಕ್ಷಣಕ್ಕೂ ಹುಡುಕುತ್ತಿರುತ್ತದೆ. ಕೆಲವೊಮ್ಮೆ ಆ ಕಡೆಯವರ ಮಾತು ಇದ್ದಕ್ಕಿದ್ದಂತೆ ವೇಗವಾಗಿ ಓಡಿದಂತೆ ಕೇಳಿಸುವುದು, ಹೀಗೆ ಕೂಡಿಟ್ಟದ್ದನ್ನು ಫೋನು ಬೇಗ ಬೇಗ ಖಾಲಿ ಮಾಡುವಾಗ.

ಮೂರನೆಯದು ನಷ್ಟ. ಆಟೋ ಬರುವುದೇ ಇಲ್ಲ. ದಾರಿಯಲ್ಲಿ ಎಲ್ಲೋ ದಟ್ಟಣೆ ಹೆಚ್ಚಾಗಿ ಪ್ಯಾಕೆಟ್ ಬಿದ್ದುಹೋಗಿದೆ ಅಥವಾ ಸಿಗ್ನಲ್ ಇಲ್ಲದ ಗಳಿಗೆಯಲ್ಲಿ ಕೆಟ್ಟುಹೋಗಿದೆ. ಒಂದೇ ಪ್ಯಾಕೆಟ್ ಹೋದರೆ ಫೋನು ಹಿಂದುಮುಂದಿನ ಧ್ವನಿಯನ್ನು ನೋಡಿ ನಡುವಿನ ಕಿಂಡಿಯನ್ನು ತೇಪೆ ಹಾಕಿ ಮುಚ್ಚುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಸಾಲಾಗಿ ನಾಲ್ಕೈದು ಹೋದರೆ ತೇಪೆ ಸಾಲುವುದಿಲ್ಲ. ರೋಬೋ ಮಾತನಾಡಿದಂತೆ ಕೇಳಿಸುವುದು ಆಗಲೇ.

ಈಗ ಮತ್ತೆ "ಇಪ್ಪತ್ತು" ಪದಕ್ಕೆ ಬನ್ನಿ. ಮೊದಲಿನ "ಇ" ಎಂಬ ಹ್ರಸ್ವ ಸ್ವರ ಬಾಯಲ್ಲಿ ನಿಲ್ಲುವುದು ಸಾಮಾನ್ಯವಾಗಿ ನೂರು ಮಿಲಿಸೆಕೆಂಡಿಗೂ ಕಡಿಮೆ. ಅಂದರೆ ನಾಲ್ಕೈದು ಪ್ಯಾಕೆಟ್. ಸಾಲಾಗಿ ಅಷ್ಟು ಹೋದರೆ ಸ್ವರವೇ ಇಲ್ಲ. ಕನ್ನಡದಲ್ಲಿ ಇನ್ನೊಂದು ಅಪಾಯವೂ ಇದೆ. ನಮ್ಮ ವಾಕ್ಯದಲ್ಲಿ ಬೇಕು–ಬೇಡ ಎಂಬುದು ಬರುವುದು ಕೊನೆಯಲ್ಲಿ. "ಆ ಮಾತ್ರೆ ತಗೊಳ್ಳಿ" ಮತ್ತು "ಆ ಮಾತ್ರೆ ತಗೊಳ್ಳಬೇಡಿ" ಈ ಎರಡರಲ್ಲಿ ಮುಕ್ಕಾಲು ವಾಕ್ಯ ಒಂದೇ. ಬಾಲ ಕತ್ತರಿಸಿದರೆ ಅರ್ಥವೇ ತಿರುಗಿಬಿಡುತ್ತದೆ.

ನೆಟ್ ಸ್ಪೀಡ್ ಜಾಸ್ತಿ ಇದ್ದರೆ ಸಾಕೇ?

ಇದು ಬಹಳ ಜನರ ನಂಬಿಕೆ. ಲೆಕ್ಕ ಹಾಕಿ ನೋಡೋಣ. 1972ರಲ್ಲಿ ರೂಪುಗೊಂಡ ಜಿ.711 ಎಂಬ ಹಳೆಯ ಮಾನಕ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆಯುತ್ತದೆ, ಪ್ರತಿ ಅಳತೆಗೆ 8 ಬಿಟ್. ಒಟ್ಟು ಸೆಕೆಂಡಿಗೆ 64 ಕಿಲೋಬಿಟ್. ಪೊಟ್ಟಣಗಳ ಮೇಲಿನ ವಿಳಾಸದ ಚೀಟಿಗೇ ಇನ್ನೊಂದು 16 ಕಿಲೋಬಿಟ್ ಬೇಕು. ಸೇರಿ 80. ಇವತ್ತಿನ ಹಲವು ಆ್ಯಪ್‌ಗಳು ಬಳಸುವ, 2012ರಲ್ಲಿ ಮಾನಕವಾದ ಓಪಸ್ ಎಂಬ ವಿಧಾನ 24 ಕಿಲೋಬಿಟ್‌ನಲ್ಲೇ ಇದಕ್ಕಿಂತ ಚೆನ್ನಾಗಿ ಧ್ವನಿಯನ್ನು ಒಯ್ಯುತ್ತದೆ. ಚೀಟಿ ಸೇರಿದರೆ 40. ಎರಡೂ ದಿಕ್ಕಿನ ಲೆಕ್ಕ ಹಿಡಿದರೆ ಐದು ನಿಮಿಷದ ಕರೆಗೆ ಸುಮಾರು 3 ಎಂಬಿ.

ಒಂದು ಮೆಗಾಬಿಟ್ ಎಂದರೆ 1,000 ಕಿಲೋಬಿಟ್. ಹಾಗಾಗಿ ಸ್ಪೀಡ್ ಟೆಸ್ಟ್‌ನಲ್ಲಿ 10 ಮೆಗಾಬಿಟ್ ಬಂದರೂ 100 ಬಂದರೂ ಕರೆಗೆ ಬೇಕಿರುವುದು ಅದರ ಒಂದು ಚೂರು. ಕರೆಗೆ ಮುಖ್ಯವಾದದ್ದು ವೇಗವಲ್ಲ, ಸಮತೆ. ಅಗಲವಾದ ರಸ್ತೆ ಇದ್ದೂ ಪ್ರತಿ ಮೈಲಿಗೊಂದು ಗೇಟ್ ಇದ್ದರೆ ಆಟೋ ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಮನೆಯಲ್ಲಿ ಒಬ್ಬರು ಕರೆಯಲ್ಲಿರುವಾಗ ಇನ್ನೊಬ್ಬರು ದೊಡ್ಡ ವಿಡಿಯೋ ಅಪ್‌ಲೋಡ್ ಮಾಡಿದರೆ ಮಾತು ಒಡೆಯುವುದು ಇದೇ ಕಾರಣಕ್ಕೆ. ವಿಡಿಯೋದ ಪ್ಯಾಕೆಟ್‌ಗಳು ರೂಟರಿನಲ್ಲಿ ಉದ್ದನೆಯ ಸಾಲು ಹಚ್ಚುತ್ತವೆ, ಮಾತಿನ ಪುಟ್ಟ ಪ್ಯಾಕೆಟ್ ಆ ಸಾಲಿನ ಹಿಂದೆ ನಿಂತು ಕಾಯಬೇಕು. ಮೊಬೈಲ್ ಟವರಿಗೂ ಇದೇ ಮಾತು ಅನ್ವಯ. ರಾತ್ರಿ ಊಟದ ಹೊತ್ತಿಗೆ ಸುತ್ತಲಿನ ಹಳ್ಳಿಗಳವರೆಲ್ಲ ಒಂದೇ ಟವರಿನಿಂದ ಧಾರಾವಾಹಿ, ಕ್ರಿಕೆಟ್ ನೋಡುತ್ತಿದ್ದರೆ ಕರೆಯ ಗುಣಮಟ್ಟ ಇಳಿಯುತ್ತದೆ. ಅದೇ ಜಾಗದಲ್ಲಿ ಬೆಳಗಿನ ಜಾವ ಮಾಡಿದ ಕರೆ ಸ್ಪಷ್ಟವಾಗಿರುತ್ತದೆ.

ಸಿಗ್ನಲ್ ಕಡ್ಡಿ ಪೂರ್ತಿ ಇದ್ದರೂ ಕೇಳಿಸದಿರುವುದೇಕೆ?

ಫೋನಿನ ಮೇಲಿನ ಕಡ್ಡಿಗಳು ಹೇಳುವುದು ಟವರಿನ ಸಿಗ್ನಲ್ ನಮಗೆ ಎಷ್ಟು ಬಲವಾಗಿ ತಲುಪುತ್ತಿದೆ ಎಂದು ಮಾತ್ರ. ಟವರಿನಲ್ಲಿ ಎಷ್ಟು ಜನ ತುಂಬಿದ್ದಾರೆ ಎಂದು ಅವು ಹೇಳುವುದಿಲ್ಲ. ನಮ್ಮ ಫೋನಿನ ಸಿಗ್ನಲ್ ಟವರಿಗೆ ತಲುಪುತ್ತಿದೆಯೇ ಎಂದೂ ಹೇಳುವುದಿಲ್ಲ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಪ್ರಸಾರ ಮಾಡಿದರೆ 4ಜಿ ಫೋನಿನ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟ್‌ನ ಐದನೇ ಒಂದು ಭಾಗದಷ್ಟು. ಟವರಿನ ಕೂಗು ನಮಗೆ ಕೇಳಿಸಿದರೂ ನಮ್ಮ ಪಿಸುಮಾತು ಅದಕ್ಕೆ ಕೇಳಿಸದೆ ಹೋಗಬಹುದು. "ನೀನು ಹೇಳೋದು ನಂಗೆ ಕೇಳುಸ್ತೈತೆ, ನಾನು ಹೇಳೋದು ನಿಂಗೆ ಕೇಳುಸ್ತಿಲ್ವಾ?" ಎನ್ನುವ ಪರಿಸ್ಥಿತಿಗೆ ಇದೊಂದು ಸಾಮಾನ್ಯ ಕಾರಣ. ಹೋಗುವ ಮಾತು ಮತ್ತು ಬರುವ ಮಾತು ಬೇರೆ ಬೇರೆಯಾಗಿ ಸಾಗುತ್ತವೆ. ಒಂದು ಕೆಟ್ಟರೆ ಇನ್ನೊಂದು ಕೆಡಬೇಕೆಂದಿಲ್ಲ.

ಕೊರಟಗೆರೆ, ಮಧುಗಿರಿ ಕಡೆಯವರಿಗೆ ಬೆಟ್ಟಗಳ ವಿಷಯ ಹೇಳಬೇಕಾಗಿಲ್ಲ. ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿಯ ಏಕಶಿಲಾ ಬೆಟ್ಟದಂತಹ ಬಂಡೆಗಳನ್ನು ರೇಡಿಯೋ ಅಲೆಗಳು ತೂರಿಹೋಗಲಾರವು. ಟವರು ಬೆಟ್ಟದ ಆಚೆ ಇದ್ದರೆ ಈಚೆಯ ಊರು ಅದರ ನೆರಳಿನಲ್ಲಿರುತ್ತದೆ. ಕಡಿಮೆ ಆವರ್ತನದ ಅಲೆಗಳು ಅಂಚುಗಳನ್ನು ಬಳಸಿ ಸ್ವಲ್ಪ ಬಾಗಿ ಬರಬಲ್ಲವು, ಹೆಚ್ಚಿನ ಆವರ್ತನದವು ಅಷ್ಟು ಬಾಗುವುದಿಲ್ಲ. ನಮ್ಮ ದೇಶದ 4ಜಿ ಸೇವೆ 850, 1800, 2300 ಮೆಗಾಹರ್ಟ್ಸ್ ಮುಂತಾದ ಹಲವು ಪಟ್ಟಿಗಳಲ್ಲಿದೆ. ಒಂದೇ ಜಾಗದಲ್ಲಿ ಒಂದು ಕಂಪನಿಯ ಸಿಮ್ ಕೆಲಸ ಮಾಡಿ ಇನ್ನೊಂದು ಮಾಡದಿರಲು ಟವರಿನ ಜಾಗದ ಜತೆಗೆ ಇದೂ ಕಾರಣ. ದಪ್ಪ ಕಲ್ಲಿನ ಗೋಡೆಯ ಮನೆ, ತಗಡಿನ ಛಾವಣಿ ಇವೂ ಸಿಗ್ನಲ್ಲನ್ನು ತಡೆಯುತ್ತವೆ. ಅಮ್ಮ ಅಂಗಳಕ್ಕೆ ಬಂದು ಮಾತನಾಡುವುದರಲ್ಲಿ ಅರ್ಥವಿದೆ!

ಮಳೆ ಬಂದರೆ ಸಿಗ್ನಲ್ ಹೋಗುತ್ತದೆಯೇ? ಟವರಿನಿಂದ ಫೋನಿಗೆ ಬರುವ ಅಲೆಗಳಿಗೆ ಮಳೆಹನಿಗಳಿಂದ ಹೆಚ್ಚೇನೂ ತೊಂದರೆಯಿಲ್ಲ. ಆದರೆ ಕೆಲವು ಟವರುಗಳಿಗೆ ನೆಲದಡಿಯ ಫೈಬರ್ ಇರುವುದಿಲ್ಲ, ಅವು ಇನ್ನೊಂದು ಟವರಿಗೆ ಮೈಕ್ರೋವೇವ್ ಕೊಂಡಿಯ ಮೂಲಕ ಸೇರಿರುತ್ತವೆ. ಆ ಕೊಂಡಿಗಳು ಹತ್ತು ಗಿಗಾಹರ್ಟ್ಸ್‌ಗೂ ಮೇಲಿನ ಆವರ್ತನದಲ್ಲಿದ್ದರೆ ಜೋರು ಮಳೆ ಅವನ್ನು ಕುಗ್ಗಿಸುತ್ತದೆ. ಮಳೆಯ ಜತೆಗೇ ಕರೆಂಟ್ ಹೋಗುವುದೂ ಉಂಟಲ್ಲ! ಟವರಿನ ಬ್ಯಾಟರಿ ಮುಗಿದರೆ, ಇಲ್ಲವೇ ಮನೆಯ ವೈಫೈ ಪೆಟ್ಟಿಗೆ ಆರಿದರೆ ಕರೆಯೂ ಆರುತ್ತದೆ.

ದೂರ ಎಷ್ಟು ಮುಖ್ಯ?

ನಾವು ಅಂದುಕೊಂಡಷ್ಟಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ನೂರು ಕಿಲೋಮೀಟರಿಗೆ ಅರ್ಧ ಮಿಲಿಸೆಕೆಂಡ್. ಆ ಲೆಕ್ಕದಲ್ಲಿ ಕೊಳಾಲಕ್ಕೂ ಬೆಂಗಳೂರಿಗೂ ಇರುವ ದೂರ ಏನೇನೂ ಅಲ್ಲ. ಅಮೆರಿಕದ ಪಶ್ಚಿಮ ಕರಾವಳಿಗೆ ಸುಮಾರು 14,000 ಕಿಲೋಮೀಟರ್ ಎಂದರೂ 70 ಮಿಲಿಸೆಕೆಂಡ್. ಕೇಬಲ್ಲು ಸುತ್ತಿಬಳಸಿ ಹೋಗುವುದರಿಂದ ಇನ್ನೂ ಹೆಚ್ಚಾಗುತ್ತದೆ, ಆದರೂ ಮಾತಾಡಬಹುದು. ಭೂಸ್ಥಿರ ಉಪಗ್ರಹದ ಮೂಲಕವಾದರೆ ಕತೆ ಬೇರೆ. ಅದು 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಹತ್ತಿ ಇಳಿಯಲೇ ಕಾಲು ಸೆಕೆಂಡಿನ ಹತ್ತಿರ ಹಿಡಿಯುತ್ತದೆ. ಹಾಗಾಗಿ ಅಮೆರಿಕದಲ್ಲಿರುವ ಮಗಳ ಮಾತು ಸ್ಪಷ್ಟವಾಗಿ ಕೇಳಿಸಿ, ಬೆಂಗಳೂರಿನಲ್ಲಿರುವ ಮಗನ ಮಾತು ಒಡೆದರೆ ಆಶ್ಚರ್ಯಪಡಬೇಕಿಲ್ಲ. ಕೆಡುವುದು ಹೆಚ್ಚಾಗಿ ಎರಡು ತುದಿಗಳ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ.

ಫೋನು ಮತ್ತು ಕಿವಿಯ ಪಾಲು

ಹಳೆಯ ದೂರವಾಣಿ ಒಯ್ಯುತ್ತಿದ್ದದ್ದು 300ರಿಂದ 3,400 ಹರ್ಟ್ಸ್ ನಡುವಿನ ಧ್ವನಿಯನ್ನು ಮಾತ್ರ. ಸ, ಶ, ಫ ಮುಂತಾದ ಅಕ್ಷರಗಳ ಸದ್ದಿನ ಮುಖ್ಯ ಭಾಗ ಇದಕ್ಕಿಂತ ಮೇಲಿರುವುದರಿಂದ ಅವು ಮಬ್ಬಾಗುತ್ತಿದ್ದವು. ಇನಿಷಿಯಲ್ ಹೇಳುವಾಗ "ಎಸ್ಸಾ, ಎಫ್ಫಾ?" ಎಂದು ಮತ್ತೆ ಕೇಳಬೇಕಾಗುತ್ತಿದ್ದುದು ಇದಕ್ಕೇ. ಈಗಿನ 4ಜಿ ಕರೆ ಮತ್ತು ಆ್ಯಪ್ ಕರೆಗಳು 7,000 ಹರ್ಟ್ಸ್‌ವರೆಗೆ ಅಥವಾ ಅದಕ್ಕೂ ಮೇಲಕ್ಕೆ ಒಯ್ಯುತ್ತವೆ. ಆದರೆ ಸರಪಳಿಯಲ್ಲಿ ಒಂದು ಕೊಂಡಿ ಹಳೆಯದಾದರೂ ಸಾಕು. ಆ ತುದಿಯಲ್ಲಿ 2ಜಿ ಕೀಪ್ಯಾಡ್ ಫೋನ್ ಇದ್ದರೆ ಈ ತುದಿಯ ದುಬಾರಿ ಫೋನು ಏನೂ ಮಾಡಲಾರದು.

ಬ್ಲೂಟೂತ್ ಇಯರ್‌ಫೋನಿನಲ್ಲಿ ಹಾಡು ಸೊಗಸಾಗಿ ಕೇಳಿ, ಕರೆ ಬಂದೊಡನೆ ಧ್ವನಿ ಡಬ್ಬದೊಳಗಿಂದ ಬಂದಂತಾಗುವುದನ್ನು ನೀವು ಗಮನಿಸಿರಬಹುದು. ಹಾಡು ಒಂದೇ ದಿಕ್ಕಿನಲ್ಲಿ ಬರುತ್ತದೆ. ಕರೆಯಲ್ಲಿ ಮೈಕ್ ಕೂಡ ಕೆಲಸ ಮಾಡಬೇಕಾದ್ದರಿಂದ ಬಹುತೇಕ ಬ್ಲೂಟೂತ್ ಸಾಧನಗಳು ಕಡಿಮೆ ಗುಣಮಟ್ಟದ ಬೇರೊಂದು ವಿಧಾನಕ್ಕೆ ಬದಲಾಗುತ್ತವೆ. ಮುಖ್ಯವಾದ ಮಾತಿಗೆ ತಂತಿಯ ಇಯರ್‌ಫೋನೇ ವಾಸಿ.

ನಿಮ್ಮ ಮಾತು ನಿಮಗೇ ಮರಳಿ ಕೇಳಿಸುತ್ತಿದೆಯೇ? ಹಾಗಿದ್ದರೆ ದೋಷ ಸಾಮಾನ್ಯವಾಗಿ ನಿಮ್ಮ ಫೋನಿನದಲ್ಲ. ಆ ಕಡೆಯವರ ಸ್ಪೀಕರಿನಿಂದ ಹೊರಟ ನಿಮ್ಮ ದನಿ ಅವರ ಮೈಕಿಗೆ ಹೊಕ್ಕು ವಾಪಸು ಬರುತ್ತಿದೆ. ಸ್ಪೀಕರ್ ಆರಿಸಲು ಅಥವಾ ದನಿ ತಗ್ಗಿಸಲು ಅವರಿಗೆ ಹೇಳಿದರೆ ಸರಿಹೋಗುತ್ತದೆ.

ಗಟ್ಟಿಯಾಗಿ ಕೂಗಿದರೆ? ಪ್ಯಾಕೆಟ್ ಕಳೆದುಹೋಗಿರುವಾಗ ಕೂಗಿ ಪ್ರಯೋಜನವಿಲ್ಲ. ಪೊಟ್ಟಣದೊಳಗೆ ಪಿಸುಮಾತಿದ್ದರೂ ಕೂಗಿದ್ದರೂ ಅದು ಕಳೆದುಹೋಗುವ ಸಾಧ್ಯತೆ ಅಷ್ಟೇ. ಬದಲಿಗೆ ಮೈಕಿನ ಮಿತಿ ಮೀರಿ ದನಿ ಒಡಕಾಗುತ್ತದೆ. ಫೋನಿನ ಕೆಳತುದಿಯ ಮೈಕಿನ ರಂಧ್ರದಲ್ಲಿ ಧೂಳು ತುಂಬಿದೆಯೇ, ಕವರ್ ಅದನ್ನು ಮುಚ್ಚಿದೆಯೇ, ಬೆರಳು ಅಡ್ಡ ಬಂದಿದೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ.

ಇನ್ನೊಂದು ವಿಷಯ. ಹಿನ್ನೆಲೆಯ ಗದ್ದಲ ಕಳೆಯಲು ಆ್ಯಪ್‌ಗಳು ಮಾತಲ್ಲದ ಸದ್ದನ್ನು ಸೋಸಿ ತೆಗೆಯುತ್ತವೆ. ಫ್ಯಾನು, ಪಂಪ್‌ಸೆಟ್ ಸದ್ದು ಹೋಗುವುದು ಒಳ್ಳೆಯದೇ. ಆದರೆ ಸೋಬಾನೆ ಪದ ಹಾಡಿ ಕೇಳಿಸಲು ಹೋದರೆ ಅದೂ ತುಂಡಾಗಬಹುದು. ಮಗುವಿನ ಉಸಿರಾಟದ ಗೊರಗೊರ ಸದ್ದನ್ನು ಕರೆಯಲ್ಲಿ ವೈದ್ಯರಿಗೆ ಕೇಳಿಸಲು ಹೊರಟರೆ ಅದನ್ನೂ ಗದ್ದಲವೆಂದು ಅಳಿಸಿಬಿಡಬಹುದು. ಅಂಥದ್ದನ್ನು ಬಾಯಲ್ಲಿ ವಿವರಿಸುವುದು, ಇಲ್ಲವೇ ವಿಡಿಯೋ ಮಾಡಿ ಕಳಿಸುವುದು ಮೇಲು. ಉಸಿರಾಟ ಕಷ್ಟವಾಗಿದ್ದರೆ ಫೋನು ಬಿಟ್ಟು ಆಸ್ಪತ್ರೆಗೆ ಕರೆದೊಯ್ಯುವುದೇ ಸರಿ.

ಆ್ಯಪ್ ಕರೆಯೋ, ಮಾಮೂಲಿ ಕರೆಯೋ?

ನಮ್ಮ ದೇಶದಲ್ಲಿ 2016ರ ನಂತರ ವ್ಯಾಪಕವಾದ ವೋಲ್ಟಿ ಕರೆ, ಅಂದರೆ 4ಜಿ ಫೋನಿನಿಂದ ನೇರವಾಗಿ ನಂಬರ್ ಒತ್ತಿ ಮಾಡುವ ಕರೆ ಕೂಡ ಪ್ಯಾಕೆಟ್‌ಗಳಲ್ಲೇ ಸಾಗುತ್ತದೆ. ವ್ಯತ್ಯಾಸವೆಂದರೆ ಟವರು ಅದಕ್ಕೆ ಆಂಬುಲೆನ್ಸಿಗೆ ಬಿಟ್ಟಂತೆ ದಾರಿ ಬಿಡುತ್ತದೆ. ಆ್ಯಪ್ ಕರೆಗೆ ಆ ಮರ್ಯಾದೆ ಇಲ್ಲ, ಅದು ಧಾರಾವಾಹಿ, ರೀಲ್ಸ್‌ಗಳ ಸಾಲಿನಲ್ಲೇ ನಿಲ್ಲಬೇಕು. ಹಾಗಾಗಿ ಟವರಿನಲ್ಲಿ ದಟ್ಟಣೆ ಇರುವಾಗ ಮಾಮೂಲಿ ಕರೆಯೇ ಉತ್ತಮ. ಮನೆಗೆ ಫೈಬರ್ ಬಂದಿದ್ದು, ಒಳಗೆ ಟವರಿನ ಸಿಗ್ನಲ್ ಸಿಗದಿದ್ದರೆ ಆ್ಯಪ್ ಕರೆ ಅಥವಾ ಫೋನಿನ ಸೆಟ್ಟಿಂಗ್‌ನಲ್ಲಿರುವ ವೈಫೈ ಕಾಲಿಂಗ್ ಉತ್ತಮ.

ಮಾತು ಒಡೆದಾಗ ಕ್ರಮವಾಗಿ ಇಷ್ಟು ಮಾಡಿ ನೋಡಿ:

• ವಿಡಿಯೋ ಕರೆಯಾಗಿದ್ದರೆ ವಿಡಿಯೋ ಆರಿಸಿ, ಧ್ವನಿ ಮಾತ್ರ ಉಳಿಸಿಕೊಳ್ಳಿ.
• ಮನೆಯಲ್ಲಿ ಬೇರೆ ಡೌನ್‌ಲೋಡ್, ಅಪ್‌ಲೋಡ್ ನಡೆಯುತ್ತಿದ್ದರೆ ನಿಲ್ಲಿಸಿ.
• ವೈಫೈ ಇದ್ದರೆ ರೂಟರ್ ಇರುವ ಕೋಣೆಗೆ ಬನ್ನಿ. ಮೊಬೈಲ್ ಡೇಟಾ ಆದರೆ ಕಿಟಕಿ, ಅಂಗಳ, ಮಹಡಿಗೆ ಹೋಗಿ.
• ಬ್ಲೂಟೂತ್ ಕಳಚಿ ನೇರವಾಗಿ ಮಾತಾಡಿ.
• ಸರಿಹೋಗದಿದ್ದರೆ ಕತ್ತರಿಸಿ ಮಾಮೂಲಿ ಕರೆ ಮಾಡಿ.
• ಕರೆಂಟ್ ಪದೇ ಪದೇ ಹೋಗುವ ಊರಾದರೆ ರೂಟರಿಗೊಂದು ಪುಟ್ಟ ಯುಪಿಎಸ್ ಇಡಿ.

ಇಷ್ಟೆಲ್ಲ ಮಾಡಿದರೂ ಯಾವ ಕರೆಯೂ ನೂರಕ್ಕೆ ನೂರು ನಂಬಿಕೆಗೆ ಅರ್ಹವಲ್ಲ. ಫೋನು ಹಾಕಿದ ತೇಪೆ ನಮ್ಮ ಕಿವಿಗೆ ಗೊತ್ತಾಗುವುದಿಲ್ಲ ಎಂದೆವಲ್ಲ, ತೊಂದರೆ ಇರುವುದು ಅಲ್ಲಿಯೇ. ಪೂರ್ತಿ ಕೇಳಿಸದಿದ್ದರೆ ನಾವೇ ಮತ್ತೊಮ್ಮೆ ಕೇಳುತ್ತೇವೆ. ತಪ್ಪಾಗಿ ಕೇಳಿಸಿದರೆ ಸರಿಯಾಗಿ ಕೇಳಿಸಿತೆಂದೇ ತಿಳಿದು ಫೋನ್ ಇಡುತ್ತೇವೆ. ಆದ್ದರಿಂದ ಔಷಧದ ಪ್ರಮಾಣ, ಹಣದ ಮೊತ್ತ, ದಿನಾಂಕ ಇವನ್ನು ಹೇಳುವಾಗ ಅಂಕಿಗಳನ್ನು ಬಿಡಿಸಿ ಹೇಳಿ: "ಇಪ್ಪತ್ತು, ಎರಡು ಸೊನ್ನೆ." ಕೇಳಿದವರಿಂದ ಅದನ್ನು ಮರಳಿ ಹೇಳಿಸಿ. "ಬೇಡ" ಎನ್ನುವುದನ್ನು ವಾಕ್ಯದ ಕೊನೆಯಲ್ಲಿ ಬಿಟ್ಟು ಸುಮ್ಮನಾಗದೆ "ಬೇಡ, ಆ ಮಾತ್ರೆ ಬೇಡ" ಎಂದು ಎರಡು ಸಲ ಹೇಳಿ. ಕರೆ ಮುಗಿದ ಮೇಲೆ ಒಂದು ಮೆಸೇಜ್ ಬರೆದು ಕಳಿಸಿ. ಮೆಸೇಜಿನ ಪೊಟ್ಟಣ ಕಳೆದುಹೋದರೆ ಫೋನು ಅದನ್ನು ಮತ್ತೆ ಕಳಿಸುತ್ತದೆ. ಸ್ವಲ್ಪ ತಡವಾದರೂ ಬರೆದದ್ದು ಬರೆದ ಹಾಗೆಯೇ ತಲುಪುತ್ತದೆ.